ಹಿಂದಿನವೆರಡು ಸಾಕು

ಚನ್ನವೀರಪ್ಪನವರು ಆ ಕಾರು ಕೊಂಡದ್ದಕ್ಕೆ ನಾನೇ ಕಾರಣ ಎಂದು ಚೆನ್ನೈಯ ವೆಸ್ಟ್ ಮಾಂಬಲದ ನಮ್ಮ ಗಲ್ಲಿಯಲ್ಲಿ ಈಗಲೂ ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ, ಮುಕ್ಕಾಲು ಪಾಲು ಮಾತ್ರ ನಿಜ. ಉಳಿದ ಕಾಲು ಪಾಲು ತಪ್ಪನ್ನು ಅವರು ಸ್ವಂತ ಬುದ್ಧಿಯಿಂದ ಮಾಡಿದರು. ವಿಮಾ ಕಚೇರಿಯಲ್ಲಿ ಮೂವತ್ತೆರಡು ವರ್ಷ ಇನ್ನೊಬ್ಬರ ತಪ್ಪುಗಳನ್ನು ಪಾಲು ಹಾಕಿ ನಿವೃತ್ತನಾದವನು ನಾನು. ಈ ಲೆಕ್ಕದಲ್ಲಿ ನನ್ನನ್ನು ನಂಬಬಹುದು.

ಚನ್ನವೀರಪ್ಪನವರು ನಮ್ಮ ಮೇಲಿನ ಮನೆಯವರು, ಅರಸೀಕೆರೆ ಕಡೆಯವರು. ಕಾಲೇಜುಗಳ ಪ್ರಯೋಗಶಾಲೆಗೆ ಗಾಜಿನ ಸಾಮಾನು ಒದಗಿಸುವುದು ಅವರ ವ್ಯಾಪಾರ. ಬೀಕರು, ಬ್ಯೂರೆಟ್ಟುಗಳನ್ನು ಎದೆಗವುಚಿಕೊಂಡು ಎಲೆಕ್ಟ್ರಿಕ್ ಟ್ರೇನಿನಲ್ಲಿ ಕ್ರೋಂಪೇಟೆಗೆ ಹೋಗಿ ಬಂದು ಅವರಿಗೆ ಲೋಕದ ಎಲ್ಲ ವಸ್ತುವನ್ನೂ ಎರಡು ಕೈಯಲ್ಲಿ ಹಿಡಿಯುವ ಅಭ್ಯಾಸವಾಗಿತ್ತು. ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಬಸ್ ಟಿಕೆಟ್ಟನ್ನೂ ಎರಡು ಕೈಯಲ್ಲೇ ಇಸಿದುಕೊಳ್ಳುತ್ತಿದ್ದರು. ಒಂದು ಮಾತನ್ನು ಮೂರು ಸಲ ಕೇಳಿಸಿಕೊಂಡು, ನಾಲ್ಕನೆಯ ಸಲಕ್ಕೆ ಅದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುವುದು ಅವರ ಕ್ರಮ.

ಅವರಿಗೆ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ "ಅಕ್ಕ ಹೇಳ್ಲಿಲ್ಲ, ನಾನು ಕೇಳ್ಲಿಲ್ಲ" ಎನ್ನುತ್ತಿದ್ದರು. ಅಕ್ಕ ಎಂದರೆ ನೀಲಗಂಗಮ್ಮ, ತಮ್ಮನಿಗಿಂತ ಹನ್ನೆರಡು ವರ್ಷ ದೊಡ್ಡವರು. ತಾಯಿ ಸತ್ತಾಗ ಮೂರು ವರ್ಷದ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡವರು, ಇಳಿಸಿದ್ದು ಅವನು ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಎಂದು ಅವರೇ ಹೇಳಿ ನಗುತ್ತಿದ್ದರು. ಗಂಡ ಬೇಗ ತೀರಿಕೊಂಡ ಮೇಲೆ ತಮ್ಮನ ಮನೆಗೇ ಬಂದು ನಿಂತಿದ್ದರು.

2004ರ ಬೇಸಿಗೆಯಲ್ಲಿ ಆ ಸೊಂಟವೇ ಕೈಕೊಟ್ಟಿತು. ಎರಡು ವರ್ಷದ ಹಿಂದೆ ಎದೆಯಲ್ಲಿ ಗಂಟಾಗಿ ಆಪರೇಷನ್ ಆಗಿತ್ತು. ಆ ಗಂಟು ಹೋದಂತೆ ಮಾಡಿ ಈಗ ಬೆನ್ನುಮೂಳೆಯಲ್ಲಿ ಬಂದು ಕೂತಿತ್ತು. ಎಗ್ಮೋರ್ ಕಡೆಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೈದು ದಿನ ಕರೆಂಟು ಕೊಡಬೇಕು ಎಂದರು. ರೇಡಿಯೇಷನ್ನಿಗೆ ನಮ್ಮವರೆಲ್ಲ ಕರೆಂಟು ಎಂದೇ ಹೇಳುವುದು. ಮೊದಲ ದಿನ ಆಟೋದಲ್ಲಿ ಹೋದರು. ಹಿಂತಿರುಗಿ ಬಂದಾಗ ಅಕ್ಕನ ಕೆಳತುಟಿಯಲ್ಲಿ ಹಲ್ಲಿನ ಗುರುತಿತ್ತು. ಅವರು ಕೂಗುವ ಪೈಕಿಯಲ್ಲ, ತುಟಿ ಕಚ್ಚುವ ಪೈಕಿ. ಚನ್ನವೀರಪ್ಪನವರು ನಮ್ಮ ಮನೆಗೆ ಬಂದು, ಕೂರದೆ, ಗೋಡೆಗೆ ಮುಖ ಮಾಡಿ ಅತ್ತರು. ಐವತ್ತು ವರ್ಷದ ಗಂಡಸು ಹಾಗೆ ಅಳುವುದನ್ನು ನೋಡಿದರೆ ಏನಾದರೊಂದು ಸಲಹೆ ಕೊಡದೆ ಇರಲಾಗುವುದಿಲ್ಲ. ನಾನು ಕೊಟ್ಟೆ.

"ಅಕ್ಕನೋರಿಗೆ ಕಾಲು ಎತ್ತಿ ಹತ್ತೋಕೆ ಆಗ್ತಿಲ್ಲ ಅಲ್ವೇ? ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡುಬಿಡಿ ಚನ್ನವೀರಪ್ಪನವರೇ. ಸ್ವಲ್ಪ ತಗ್ಗಾಗಿರೋದು ನೋಡಿ."

ಇಷ್ಟೇ ನಾನು ಹೇಳಿದ್ದು. ಅವರು ಮೂರು ಸಲ ಕೇಳಿಸಿಕೊಂಡರು.

ಮೂರನೆಯ ದಿನ ಸಂಜೆ ನಮ್ಮ ಗಲ್ಲಿಯ ತುದಿಯಲ್ಲಿ ಗುಡುಗುಡು ಶಬ್ದ ಕೇಳಿತು. ಆ ವರ್ಷ ಚೆನ್ನೈಯಲ್ಲಿ ನೀರಿಲ್ಲ. ಭಾರಿ ಇಂಜಿನ್ನಿನ ಸದ್ದು ಎಂದರೆ ನೀರಿನ ಲಾರಿ ಎಂದೇ ಅರ್ಥ. ನನ್ನ ಹೆಂಡತಿ ಜಯಲಕ್ಷ್ಮಮ್ಮ ಮೊದಲುಗೊಂಡು ಗಲ್ಲಿಯ ಸಮಸ್ತರೂ ಪ್ಲಾಸ್ಟಿಕ್ ಕೊಡಗಳೊಂದಿಗೆ ಓಡಿಬಂದು ಸಾಲಾಗಿ ನಿಂತರು. ಬಂದದ್ದು ಕೆಂಪು ಬಣ್ಣದ ಒಂದು ಎಸ್ಟೀಮ್ ಕಾರು. ಮೈಮೇಲೆ ಎರಡು ಕಪ್ಪು ಪಟ್ಟೆ, ಹಿಂದೆ ಒಂದು ರೆಕ್ಕೆ, ತೋಳು ತೂರುವಷ್ಟು ದೊಡ್ಡ ಹೊಗೆಕೊಳವೆ. ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ ನಮ್ಮ ಬೀದಿಯ ನಾಯಿ ಅದರಡಿ ತೂರಲು ಹೋಗಿ, ಆಗದೆ, ಅವಮಾನಗೊಂಡು ಹಿಂತಿರುಗಿತು. ಬಾಗಿಲು ತೆರೆದು ಚನ್ನವೀರಪ್ಪನವರು ಮಂಡಿಯೂರಿ ಹೊರಬಂದರು. ಕೊಡಗಳ ಸಾಲನ್ನು ಅವರು ಸ್ವಾಗತ ಎಂದು ತಿಳಿದು ಎಲ್ಲರಿಗೂ ಕೈಮುಗಿದರು.

"ಪರದೇಶದಲ್ಲಿ ವಯಸ್ಸಾದೋರಿಗೆ ಅಂತ್ಲೇ ತಗ್ಗಿನ ಬಸ್ಸು ಬಿಡ್ತಾರಂತೆ ಸ್ವಾಮಿ, ಪೇಪರ್‌ನಾಗೆ ಓದಿದ್ದೆ. ಇದು ಅದೇ ಥರದ ಕಾರು. ಬ್ರೋಕರ್ರು ಹೇಳ್ದ, ಇದನ್ನ ಬೇಕಂತ್ಲೇ ತಗ್ಗು ಮಾಡಿಸಿರೋದಂತೆ. ನಮ್ಮಕ್ಕನಿಗೆ ಹೇಳಿ ಮಾಡಿಸಿದಂಗೈತೆ."

ಬೇಕೆಂದೇ ತಗ್ಗು ಮಾಡಿಸಿದ್ದು ನಿಜ. ರೇಸಿನ ಹುಚ್ಚು ಹಿಡಿದ ಯಾವನೋ ನಾಲ್ಕೂ ಚಕ್ರಗಳ ಸ್ಪ್ರಿಂಗುಗಳನ್ನು ಎರಡೆರಡು ಸುತ್ತು ಕತ್ತರಿಸಿ ಹಾಕಿಸಿದ್ದ, ತಿರುವಿನಲ್ಲಿ ಕಾರು ವಾಲದಿರಲಿ ಎಂದು. ಅದು ನಮಗೆ ಆಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ನಾನು ಕಾರಿನ ಸುತ್ತ ಒಂದು ಬಾರಿ ನಡೆದು, "ಯೋಗ್ಯವಾಗಿದೆ" ಎಂದು ಅಭಿಪ್ರಾಯ ಕೊಟ್ಟೆ.

ಮಾರನೆಯ ದಿನ ಮೊದಲ ಪ್ರಯಾಣ. ಅಕ್ಕ ಹಿಂದೆ, ನಾನು ಮುಂದೆ. ನನಗೆ ತಮಿಳು ಬರುತ್ತದೆ ಎಂಬ ಕೀರ್ತಿ ಇದ್ದುದರಿಂದ ಆಸ್ಪತ್ರೆಗೆ ನಾನು ದುಭಾಷಿಯಾಗಿ ಹೋಗುವುದೆಂದು ತೀರ್ಮಾನವಾಗಿತ್ತು. ನಮ್ಮ ಮನೆಯಿಂದ ಆಸ್ಪತ್ರೆಗೆ ಹದಿನೇಳು ಸ್ಪೀಡ್ ಬ್ರೇಕರುಗಳು. ಮೊದಲನೆಯದರ ಮೇಲೆ ಕಾರಿನ ಹೊಟ್ಟೆ ಗರಗರ ಉಜ್ಜಿತು. ಹಿಂದಿನ ಚಕ್ರ ಇಳಿದಾಗ ಕಟ್ಟಿಗೆಯ ಮೇಲೆ ಕಟ್ಟಿಗೆ ಬಡಿದ ಹಾಗಾಯಿತು. ಹಿಂದಿನಿಂದ ಒಂದು ಸಣ್ಣ ಸದ್ದು ಬಂತು. ಅಕ್ಕ ತುಟಿ ಕಚ್ಚುವ ಮೊದಲೇ ತಪ್ಪಿಸಿಕೊಂಡ ಸದ್ದು. ಚನ್ನವೀರಪ್ಪನವರು ಪಾಂಡಿ ಬಜಾರಿನ ನಟ್ಟನಡುವೆ ಕಾರು ನಿಲ್ಲಿಸಿ, ಇಳಿದು ಹೋಗಿ, ಹಿಂದಿನ ಬಾಗಿಲು ತೆರೆದು, "ತಪ್ಪಾಯ್ತಕ್ಕಾ" ಎಂದರು. ಹಿಂದಿದ್ದ ಬಸ್ಸುಗಳೆಲ್ಲ ಹಾರ್ನ್ ಮಾಡಿದವು. ಪೊಲೀಸಿನವನು ಬಂದು ರೆಕ್ಕೆ ನೋಡಿದ, ಪಟ್ಟೆ ನೋಡಿದ, ನಮ್ಮ ಮೂವರ ವಯಸ್ಸನ್ನು ನೋಡಿದ. ರೇಸ್ ಕಾರೊಂದನ್ನು ತೀರಾ ನಿಧಾನ ಹೋದುದಕ್ಕೆ ತಡೆದದ್ದು ತನ್ನ ಸರ್ವೀಸಿನಲ್ಲೇ ಮೊದಲು ಎಂದು ತಮಿಳಿನಲ್ಲಿ ಹೇಳಿ ಬಿಟ್ಟುಬಿಟ್ಟ.

ಕರೆಂಟು ಮುಗಿಸಿಕೊಂಡು ನೇರವಾಗಿ ಪುದುಪೇಟೆಗೆ ಹೋದೆವು. ಎಗ್ಮೋರಿನ ಪಕ್ಕದಲ್ಲೇ ಇರುವ ಪುದುಪೇಟೆಯಲ್ಲಿ ಹಳೆಯ ಕಾರಿನ ಯಾವ ಅಂಗ ಬೇಕಾದರೂ ಸಿಗುತ್ತದೆ. ಅಲ್ಲಿ ದೇವಸಹಾಯಂ ಎಂಬ ಮೆಕಾನಿಕ್ಕು ಇದ್ದ. ದಪ್ಪ ಮೀಸೆ, ಎಣ್ಣೆ ಹಿಡಿದ ಖಾಕಿ, ಕೊರಳಲ್ಲಿ ಶಿಲುಬೆ. ಕೆಂಪು ಕಾರನ್ನು ಕಂಡದ್ದೇ ಅವನ ಮುಖ ಅರಳಿತು. ಹಿಂದಿನ ರೆಕ್ಕೆಯ ಮೇಲೆ ಕೈಯೂರಿ ಎರಡು ಸಲ ಅದುಮಿ ನೋಡಿ, "ಬ್ಯಾಕ್ ಸಾಕು ಮಾತ್ತಣುಂ ಸಾರ್" ಎಂದ.

ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಬೇಕು. ಅದು ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುವ ಕೊಳವೆಗೆ ಶಾಕ್ ಅಬ್ಸಾರ್ಬರ್ ಎಂದು ಹೆಸರು. ಪುದುಪೇಟೆಯವರು ಅದನ್ನು ಶಾಕು ಎಂದು ಮೊಟಕು ಮಾಡಿ, ಆಮೇಲೆ ಶಕಾರವನ್ನೂ ಬಿಟ್ಟು, ಸಾಕು ಎನ್ನುತ್ತಾರೆ. ಬ್ಯಾಕ್ ಸಾಕು ಬದಲಾಯಿಸಬೇಕು ಎಂದದ್ದು ಅವನು. ನಾನು ಕನ್ನಡದ ಕಿವಿಯಿಂದ ಕೇಳಿದೆ.

"ಹಿಂದಿನವು ಬದಲಾಯಿಸಿದ್ರೆ ಸಾಕಂತೆ" ಎಂದೆ.

"ಹಿಂದಿನವೆರಡು ಸಾಕಾ? ಕೇಳಿ ಸ್ವಾಮಿ, ಖಂಡಿತ ಸಾಕಾ ಅಂತ."

ದೇವಸಹಾಯಂ ಅದನ್ನು ಕೇಳಿ ಖುಷಿಯಾದ. ಗಿರಾಕಿಗೆ ವಿಷಯ ಗೊತ್ತಿದೆ ಎಂದುಕೊಂಡ. "ಎಂದ ಸಾಕು ವೇಣುಂ?" ಎಂದ. ಯಾವ ಶಾಕು ಬೇಕು ಎಂದು. ನಾನು, ಎಷ್ಟು ಸಾಕು ಎಂದು ಕೇಳುತ್ತಿದ್ದಾನೆ ಎಂದು ಅನುವಾದಿಸಿದೆ. ಚನ್ನವೀರಪ್ಪನವರು ಎರಡೂ ಕೈ ಜೋಡಿಸಿ, "ನಮ್ಮಕ್ಕನಿಗೆ ನೋವಾಗ್ದೆ ಇದ್ರೆ ಸಾಕು, ಒಳ್ಳೇದಾದ್ರೆ ಸಾಕು" ಎಂದರು. ನಾನು ಅದನ್ನು ಚಿಕ್ಕದು ಮಾಡಿ "ನಲ್ಲ, ಸಾಕು" ಎಂದೆ. ಒಳ್ಳೆಯದು, ಅಷ್ಟೇ ಸಾಕು ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಶಾಕು ಎಂಬುದು ಅವನ ಕಿವಿಗೆ ಬಿದ್ದದ್ದು. ಅವನ ದೃಷ್ಟಿಯಲ್ಲಿ ರೆಕ್ಕೆಯಿರುವ ಕೆಂಪು ಕಾರಿಗೆ ಒಳ್ಳೆಯ ಶಾಕು ಎಂದರೆ ರೇಸಿನ ಶಾಕು. ಗ್ಯಾಸು ತುಂಬಿದ, ಹಳದಿ ಬಣ್ಣದ, ಒನಕೆಯಂತೆ ಗಟ್ಟಿಯಾದ ಎರಡನ್ನು ಆರಿಸಿ ತೆಗೆದು ಹಾಕಿಕೊಟ್ಟ.

ಮಾರನೆಯ ದಿನದ ಪ್ರಯಾಣವನ್ನು ನಾನು ವರ್ಣಿಸುವುದಿಲ್ಲ. ರಸ್ತೆಯಲ್ಲಿ ಯಾರಾದರೂ ಬಸ್ ಟಿಕೆಟ್ ಎಸೆದಿದ್ದರೆ ಅದರ ದಪ್ಪವೂ ನಮಗೆ ತಿಳಿಯುತ್ತಿತ್ತು. ಡಿಕ್ಕಿಯಲ್ಲಿದ್ದ ಒಂದು ಡಜನ್ ಬೀಕರುಗಳಲ್ಲಿ ಒಂಬತ್ತು ಒಡೆದವು. ಚನ್ನವೀರಪ್ಪನವರು ಅದನ್ನು ನೋಡಲೂ ಇಲ್ಲ. ಕನ್ನಡಿಯಲ್ಲಿ ಅಕ್ಕನ ತುಟಿಯನ್ನೇ ನೋಡುತ್ತಿದ್ದರು.

ಮತ್ತೆ ಪುದುಪೇಟೆ. ಈ ಬಾರಿ ಅವರು ದೇವಸಹಾಯಂನ ಮುಂದೆ ನಿಂತು, ದುಭಾಷಿಯನ್ನು ಕಾಯದೆ, "ಸಾಕು ಸಾಕಾಯ್ತಪ್ಪ" ಎಂದರು. ಬೇಸತ್ತುಹೋಯಿತು ಎಂದು. ದೇವಸಹಾಯಂ ಎರಡು ಬೆರಳೆತ್ತಿ, "ಸಾಕು, ಸಾಕಾ? ಸರಿ" ಎಂದು ಮುಂದಿನ ಎರಡನ್ನೂ ಬದಲಾಯಿಸಿದ. ಈಗ ನಾಲ್ಕೂ ಒನಕೆಗಳು.

ಇಷ್ಟರಲ್ಲಿ ತಿಪಟೂರಿನಿಂದ ಅವರ ಚಿಕ್ಕಮ್ಮ ಫೋನ್ ಮಾಡಿದರು. ಚನ್ನವೀರಪ್ಪನವರ ಮನೆಗೆ ಫೋನ್ ಬರುವುದು ನಮ್ಮ ಮನೆಗೆ. ಕರೆಂಟು ಹೇಗೆ ನಡೆಯುತ್ತಿದೆ ಎಂದು ಚಿಕ್ಕಮ್ಮ ಕೇಳಿದ್ದಾರೆ. ಪುದುಪೇಟೆಯ ಬಿಲ್ಲಿನಲ್ಲಿ ಆ ಕೊಳವೆಗಳಿಗೆ ಶಾಕ್ ಎಂದು ಬರೆದಿತ್ತು; ಅದೇ ದೇವಸಹಾಯಂನ ಸಾಕು ಎಂದು ಮಾತ್ರ ನಮಗಿನ್ನೂ ಹೊಳೆದಿರಲಿಲ್ಲ. ಹಗಲಿರುಳೂ ಕಾರಿನ ಚಿಂತೆಯಲ್ಲಿದ್ದ ಇವರು ಹೇಳಿದ ಉತ್ತರವನ್ನು ನಾನು ಪಕ್ಕದಲ್ಲೇ ಕೂತು ಕೇಳಿದ್ದೇನೆ.

"ಹಿಂದ್ಗಡೆ ಎರಡು ಶಾಕ್ ಕೊಡ್ಸಿದ್ವಿ ಚಿಕ್ಕಮ್ಮಾ, ಅಕ್ಕ ತಡ್ಕಳ್ಲಿಲ್ಲ. ಆಮೇಲೆ ಮುಂದ್ಗಡೆ ಎರಡು ಕೊಟ್ರು, ಇನ್ನೂ ಜಾಸ್ತಿ ಎಗರಾಡೋಕೆ ಶುರುವಾಯ್ತು. ಹಳೆ ಸ್ಪ್ರಿಂಗ್ ತೆಗ್ದು ಬೇರೆ ಹಾಕೋಣಾಂತ ಮೆಕಾನಿಕ್ಕು ಹೇಳ್ತಾನೆ."

ಆ ಕಡೆಯಿಂದ ಒಂದು ಉದ್ದನೆಯ ಶಬ್ದ ಬಂತು, ಆಮೇಲೆ ಲೈನು ಕಡಿಯಿತು. ಭಾನುವಾರ ಬೆಳಗಿನ ರೈಲಿಗೆ ಚಿಕ್ಕಮ್ಮ, ತಮ್ಮ ಮಗ ವೀರೇಶನನ್ನು ಎಳೆದುಕೊಂಡು, ಮಠದ ವಿಭೂತಿ, ಎರಡು ತೆಂಗಿನಕಾಯಿ ಸಮೇತ ಬಂದಿಳಿದರು. ಮೆಟ್ಟಿಲಲ್ಲೇ ಶುರು ಮಾಡಿದರು.

"ಮೆಕಾನಿಕ್ ಕೈಲಿ ಅಕ್ಕನಿಗೆ ಸ್ಪ್ರಿಂಗ್ ಹಾಕಿಸ್ತೀಯೇನೋ ಪಾಪಿ. ಈ ಊರಿನಾಗೆ ಡಾಕ್ಟರ್ರಿಗೆ ಬರ ಬಂದೈತಾ?"

ವೀರೇಶ ಒಂದು ಹೆಜ್ಜೆ ಮುಂದೆ ಹೋಗಿ, ನಾಲ್ಕು ಶಾಕ್ ಕೊಟ್ಟ ಡಾಕ್ಟರ ಮೇಲೆ ಕೇಸು ಹಾಕುತ್ತೇನೆ ಎಂದ. ಹೆಸರು ಕೇಳಿದ. ದೇವಸಹಾಯಂ ಎಂದರು ಚನ್ನವೀರಪ್ಪನವರು. ವೀರೇಶ ಬರೆದುಕೊಂಡ. ಗಲ್ಲಿಯ ಅರ್ಧ ಜನ ಮೆಟ್ಟಿಲ ಮೇಲಿದ್ದರು. ಅಷ್ಟರಲ್ಲಿ ಚಿಕ್ಕಮ್ಮ ಒಳಗೆ ನುಗ್ಗಿ, ಮಂಚದಲ್ಲಿ ಒರಗಿದ್ದ ನೀಲಗಂಗಮ್ಮನವರ ಬೆನ್ನನ್ನು ಸೀರೆಯ ಮೇಲಿಂದಲೇ ಮೇಲಿನಿಂದ ಕೆಳಗಿನ ತನಕ ಒತ್ತಿ ಒತ್ತಿ ತಡವಿ, ಎಲ್ಲಿಯೂ ಸ್ಪ್ರಿಂಗಿಲ್ಲವೆಂದು ಖಾತ್ರಿ ಮಾಡಿಕೊಂಡರು. ಅಕ್ಕ ನಗುತ್ತಲೇ ಇದ್ದರು. ಹೋದ ವಾರ ಅಲ್ಲಿ ಬೆರಳು ತಾಕಿದರೆ ಜೀವ ಹೋಗುತ್ತಿತ್ತು. ಕರೆಂಟು ಒಳ್ಳೆಯ ಕೆಲಸ ಮಾಡುತ್ತಿದೆ ಎಂದು ನಾವೆಲ್ಲ ಸಂತೋಷಪಟ್ಟೆವು.

ಸಾಕಿನ ಗಂಟು ಬಿಡಿಸಿದವರು ಅಕ್ಕನೇ. ಚಿಕ್ಕಮ್ಮ ಊರಿಗೆ ಹೋದ ಮಾರನೆಯ ದಿನ ಆಸ್ಪತ್ರೆಯಿಂದ ಮತ್ತೆ ಪುದುಪೇಟೆಗೆ ಹೋದೆವು. ಅಕ್ಕ ಹಿಂದಿನ ಸೀಟಿನಲ್ಲಿ ಬಾಗಿಲು ತೆರೆದುಕೊಂಡು ಕೂತಿದ್ದರು. ಚನ್ನವೀರಪ್ಪನವರಿಗೆ ತಾಳ್ಮೆ ಪೂರ್ತಿ ಮುಗಿದಿತ್ತು.

"ಸಾಕು ಕಣಪ್ಪಾ. ಇನ್ನು ಸಾಕು. ಕೈಮುಗೀತೀನಿ, ಸಾಕು."

ದೇವಸಹಾಯಂ ಬೆರಳು ಮಡಿಸಿ ಎಣಿಸಿದ. ಅವನಿಗೂ ಸಂಕಟವಾಗಿತ್ತು. "ಇನ್ನುಂ ಮೂಣು ಸಾಕಾ? ಎಂಗೆ ಸಾರ್ ಪೋಡ್ರದು? ವಂಡಿಕ್ಕು ನಾಲು ಚಕ್ಕರಂ ದಾನ್." ಇನ್ನೂ ಮೂರನ್ನು ಎಲ್ಲಿ ಹಾಕಲಿ, ಗಾಡಿಗಿರುವುದೇ ನಾಲ್ಕು ಚಕ್ರ ಎಂದು. ನಾನು ಅನುವಾದಿಸಲು ಬಾಯಿ ತೆರೆದೆ.

ಹಿಂದಿನ ಸೀಟಿನಿಂದ ನಗು ಕೇಳಿತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ಅಕ್ಕ ನಗುತ್ತಿದ್ದರು. ಆಸ್ಪತ್ರೆ ಶುರುವಾದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಲೋ ಚನ್ನವೀರಾ, ಆತ ಹೇಳೋ ಸಾಕೇ ಬೇರೆ, ನೀನು ಹೇಳೋ ಸಾಕೇ ಬೇರೆ ಕಣೋ. ಅಗೋ, ಆ ಕೊಳವೆ ಐತಲ್ಲ, ಅದಕ್ಕೆ ಇವರು ಸಾಕು ಅಂತಾರೆ. ನೀನು ಸಾಕು ಅಂದಂಗೆಲ್ಲ ಪಾಪ ಒಂದೊಂದು ತಂದು ಹಾಕ್ತಾವ್ನೆ." ಸ್ವಲ್ಪ ಉಸಿರು ತೆಗೆದುಕೊಂಡು, "ನಾನು ನಿನ್ನ ಸಾಕಿದ್ದು ಇನ್ನೊಂದು ಥರ" ಎಂದರು.

ಇಪ್ಪತ್ತೆಂಟು ವರ್ಷ ಚೆನ್ನೈಯಲ್ಲಿದ್ದು ತಮಿಳು ಬಲ್ಲೆನೆಂದು ತಿರುಗಿದವನು ನಾನು. ನಾಲ್ಕನೆಯ ಇಯತ್ತೆ ಓದಿ ಮನೆಯ ಬಾಲ್ಕನಿಯಿಂದ ತರಕಾರಿಯವಳ ತಮಿಳನ್ನು ಮಾತ್ರ ಕೇಳಿದ್ದ ಹೆಂಗಸಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಅಂದಿನಿಂದ ನನ್ನ ದುಭಾಷಿ ಪದವಿ ಹೋಯಿತು. ಆದರೆ ಮುಂದಿನ ಸೀಟು ಉಳಿಯಿತು.

ಕಾರು ಯಾರಿಗಾಗಿ ಎಂದು ಗೊತ್ತಾದಾಗ ದೇವಸಹಾಯಂ ಕೈ ಒರೆಸಿಕೊಂಡು ಬಂದು ಅಕ್ಕನ ಬಳಿ ಕುಕ್ಕರಗಾಲಲ್ಲಿ ಕೂತ. "ಮನ್ನಿಚ್ಚಿಡುಂಗಮ್ಮಾ" ಎಂದು ಕ್ಷಮೆ ಕೇಳಿದ. ರೇಸಿನ ಕೊಳವೆಗಳನ್ನು ಬಿಚ್ಚಿ ಬಿಸಾಕಿದ. ಮುಂದಿನ ಚಕ್ರಗಳಿಗೆ ಅದೇ ದಿನ ಕಂಪನಿಯ ಹಳೆ ಸಾಮಾನು ಸಿಕ್ಕಿತು. ಅಕ್ಕ ಕೂರುವುದು ಹಿಂದೆ, ಹೊಡೆತ ಬೀಳುವುದೂ ಹಿಂದಿನ ಚಕ್ರದ್ದೇ. ಅಲ್ಲಿಗೆ ಸರಿಯಾದ ಸ್ಪ್ರಿಂಗು ಆರಿಸುವುದೇ ದೊಡ್ಡ ಕೆಲಸವಾಯಿತು. ಕಂಪನಿಯ ಸ್ಪ್ರಿಂಗು ಹಾಕಿದರೆ ಬೆನ್ನಿಗೆ ಮೆತ್ತಗೆ, ಆದರೆ ಹಿಂಭಾಗ ಎತ್ತರವಾಗಿ ಅಕ್ಕನಿಗೆ ಹತ್ತಲು ಕಷ್ಟ. ಕತ್ತರಿಸಿದ್ದೇ ಇರಲಿ ಎಂದರೆ ಹತ್ತಲು ಸುಲಭ, ಬೆನ್ನಿಗೆ ಕೊಲೆ. ನಡುವೆ ರಬ್ಬರಿನ ಬಿಲ್ಲೆ ಇಡಬಹುದು, ಎರಡು ಸುತ್ತಿನ ಬದಲು ಅರ್ಧ ಸುತ್ತು ಕತ್ತರಿಸಿದ್ದನ್ನು ಹಾಕಬಹುದು, ಅದಕ್ಕೆ ಮೆತ್ತನೆಯ ಶಾಕು ಜೊತೆ ಮಾಡಬಹುದು. ದಿನಕ್ಕೊಂದು ಜೋಡಿ ಹಾಕಿ ನೋಡುವುದೆಂದೂ, ಅಕ್ಕನ ಮಾತೇ ಅಂತಿಮ ತೀರ್ಪೆಂದೂ ನಿರ್ಧಾರವಾಯಿತು.

ನಮ್ಮ ಗಲ್ಲಿಗೆ ಇದೇ ದೊಡ್ಡ ವಿಷಯ. ಸಂಜೆ ಕಾರು ಬಂದದ್ದೇ ಜನ ಸೇರಿ ತೀರ್ಪು ಕೇಳುತ್ತಿದ್ದರು. ಸ್ಪ್ರಿಂಗು ಎಂದರೆ ಸೋಫಾದಲ್ಲಿರುವುದು ಎಂದು ತಿಳಿದಿದ್ದ ಜಯಲಕ್ಷ್ಮಮ್ಮ ಕೂಡ "ರಬ್ಬರು ತೆಗೆಸಿಬಿಡಿ, ಸೆಕೆಗೆ ಗಟ್ಟಿಯಾಗತ್ತೆ" ಎಂದು ಸಲಹೆ ಕೊಡುವ ಮಟ್ಟಕ್ಕೆ ಬಂದಳು. ಅಕ್ಕ ಹಿಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಕಾಫಿಪುಡಿಯ ರುಚಿ ನೋಡುವವರ ಹಾಗೆ ಗಂಭೀರವಾಗಿ ಹೇಳುತ್ತಿದ್ದರು.

"ನಿನ್ನೇದಕ್ಕಿಂತ ವಾಸಿ ಕಣೋ. ಆದ್ರೆ ಬಲಗಡೇದು ಇಳಿಯೋವಾಗ ಒಂಚೂರು ಕುಣೀತೈತೆ. ಆತಂಗೆ ಹೇಳು."

ಆತನಿಗೆ ಹೇಳುತ್ತಿದ್ದರು. ಆತ ಬಲಗಡೆಯದ್ದನ್ನು ಬಿಚ್ಚುತ್ತಿದ್ದ. ಚನ್ನವೀರಪ್ಪನವರ ನಡಿಗೆ ಬದಲಾಗಿತ್ತು. ಆಸ್ಪತ್ರೆಯ ಕಾಗದಗಳಲ್ಲಿ ಅವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಡಾಕ್ಟರ ಮುಂದೆ ಬಾಯಿ ಒಣಗುತ್ತಿತ್ತು. ಆದರೆ ಇದು ಕೈಯಿಂದ ಮುಟ್ಟಿ ಸರಿಮಾಡಬಹುದಾದ ವಿಷಯ. ಅಕ್ಕನ ನೋವನ್ನು ತಾನೇ ಒಂದೊಂದು ಸುತ್ತು ಬಿಚ್ಚುತ್ತಿದ್ದೇನೆ ಎಂದು ಅವರು ನಂಬಿದ್ದರು. ನಾನೂ ನಂಬಿದ್ದೆ.

ಹದಿನೈದನೆಯ ದಿನದ ತನಕ ಅಕ್ಕ ನಡೆದೇ ಕಾರಿಗೆ ಬರುತ್ತಿದ್ದರು. ಹದಿನೇಳನೆಯ ದಿನ ಗೋಡೆ ಹಿಡಿದು ಬಂದರು. ಹತ್ತೊಂಬತ್ತನೆಯ ದಿನ ಚನ್ನವೀರಪ್ಪನವರು ಅವರನ್ನು ಎರಡು ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದರು. ಕರೆಂಟಿನ ಸುಸ್ತು ಎಂದರು ಎಲ್ಲರೂ. ಇನ್ನು ಹತ್ತುವ ತೊಂದರೆಯೇ ಇಲ್ಲವಲ್ಲ ಎಂದು ದೇವಸಹಾಯಂ ಕಂಪನಿಯ ಪೂರ್ತಿ ಎತ್ತರದ ಸ್ಪ್ರಿಂಗು, ಮೆತ್ತನೆಯ ಶಾಕು ಹಾಕಿಕೊಟ್ಟ. ಇಪ್ಪತ್ತೊಂದನೆಯ ದಿನ, ಹದಿನೇಳೂ ಸ್ಪೀಡ್ ಬ್ರೇಕರುಗಳನ್ನು ದಾಟಿದ ಮೇಲೆ, ಚನ್ನವೀರಪ್ಪನವರು ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿ ಕೂತರು.

"ಅಕ್ಕಾ?"

"ಹೂವಿನ ಮ್ಯಾಲೆ ಕೂತಂಗೈತೆ ಕಣೋ. ಗೊತ್ತೇ ಆಗ್ಲಿಲ್ಲ."

ಅಂದು ಗಲ್ಲಿಯ ಎಲ್ಲ ಮನೆಗೂ ಮೈಸೂರುಪಾಕು ಹಂಚಿದರು. ಪುದುಪೇಟೆಗೂ ಒಂದು ಡಬ್ಬಿ ಹೋಯಿತು. ಒಬ್ಬ ಮನುಷ್ಯ ತನ್ನ ಕಾರಿನ ಹಿಂದಿನ ಎರಡು ಶಾಕು ಕೂತದ್ದಕ್ಕೆ ಸಿಹಿ ಹಂಚಿದ್ದು ಮಾಂಬಲದ ಇತಿಹಾಸದಲ್ಲಿ ಅದೊಂದೇ ಇರಬೇಕು.

ಮಾರನೆಯ ದಿನ ಆಸ್ಪತ್ರೆಯಲ್ಲಿ ಕರೆಂಟು ಕೋಣೆಯ ನರ್ಸ್ ಸುಮತಿ ಅಕ್ಕನ ಗಾಲಿಕುರ್ಚಿಯನ್ನು ನೋಡಿ ನಿಂತರು. ಹೊಸೂರಿನವರು, ಕನ್ನಡ ಬರುತ್ತಿತ್ತು. "ಅಮ್ಮಾ, ಕಾಲು ಮುಟ್ಟಿದ್ರೆ ಗೊತ್ತಾಗ್ತದಾ? ನೋವಿದ್ಯಾ?" ಎಂದು ಕೇಳಿದರು. "ಬೇಕಾದಷ್ಟೈತಮ್ಮ" ಎಂದರು ಅಕ್ಕ. ಒಳಗೆ ಕರೆದೊಯ್ದ ಮೇಲೆ ಸುಮತಿ ಹೊರಗೆ ಬಂದು ಚನ್ನವೀರಪ್ಪನವರಿಗೆ ಬಿಡಿಸಿ ಹೇಳಿದರು.

"ನೋಡಿ ಸಾರ್, ನೋವಿದ್ರೆ ಹೆದರ್ಕೋಬೇಡಿ. ನೋವಿದೆ ಅಂದ್ರೆ ನರ ಇನ್ನೂ ಕೆಲಸ ಮಾಡ್ತಿದೆ ಅಂತ. ಮರಗಟ್ಟಿದ ಹಾಗಿದ್ರೆ ಅವತ್ತೇ ಬಂದು ಹೇಳ್ಬೇಕು. ಬಿಟ್ರೆ ಕಾಲಿನ ಶಕ್ತಿ ಮತ್ತೆ ವಾಪಸ್ ಬರಲ್ಲ."

ಇವರು ಮೂರು ಸಲ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೋಡಿದ್ರಾ ಸ್ವಾಮಿ, ನೋವೂ ಐತಂತೆ, ಕಾರ್‌ನಾಗೆ ಕುಲುಕಿದ್ದೂ ಗೊತ್ತಾಗಲ್ವಂತೆ" ಎಂದು ಹಿಗ್ಗಿದರು. ಎರಡು ಒಳ್ಳೆಯ ಸುದ್ದಿ ಒಂದಕ್ಕೊಂದು ಕೂಡಿಕೊಳ್ಳುತ್ತಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ವಾಪಸು ಬರುವಾಗ ಧನ್ಯವಾದ ಹೇಳಲು ಪುದುಪೇಟೆಗೆ ಹೋದೆವು. ಬಿಚ್ಚಿದ ಸಾಮಾನನ್ನು ಗಿರಾಕಿಗೆ ಒಪ್ಪಿಸುವುದು ದೇವಸಹಾಯಂನ ನೇಮ. ಹಳೆಯ ಕತ್ತರಿಸಿದ ಸ್ಪ್ರಿಂಗೊಂದನ್ನು ಪೇಪರಿನಲ್ಲಿ ಸುತ್ತಿ ತಂದ. ಡಿಕ್ಕಿಯಲ್ಲಿ ಗಾಜಿನ ಪೆಟ್ಟಿಗೆ ಇದ್ದುದರಿಂದ ಅದನ್ನು ಹಿಂದಿನ ಸೀಟಿನಲ್ಲಿ ಅಕ್ಕನ ಪಕ್ಕ ಇಟ್ಟರು. ಮೂರು ಕೆಜಿಯಾದರೂ ಇದ್ದೀತು.

ಗಲ್ಲಿಗೆ ತಿರುಗುವ ಮೊದಲು ಒಂದು ನೀರಿನ ಲಾರಿ ಅಡ್ಡ ಬಂತು. ಚನ್ನವೀರಪ್ಪನವರು ಗಕ್ಕನೆ ಬ್ರೇಕ್ ಹಾಕಿದರು. ಹಿಂದೆ ದೊಪ್ಪೆಂದು ಸದ್ದಾಯಿತು. ನಾನು ತಿರುಗಿ ನೋಡಿದೆ.

ಸ್ಪ್ರಿಂಗು ಉರುಳಿ ಅಕ್ಕನ ಎಡಪಾದದ ಮೇಲೆ ಬಿದ್ದಿತ್ತು. ಕಾರಿನಲ್ಲಿ ಅವರು ಚಪ್ಪಲಿ ಬಿಚ್ಚಿಟ್ಟು ಕೂರುತ್ತಿದ್ದರು. ಕತ್ತರಿಸಿದ ಕಬ್ಬಿಣದ ತುದಿ ಹೆಬ್ಬೆರಳಿನ ಉಗುರನ್ನು ಎಬ್ಬಿಸಿತ್ತು, ರಕ್ತ ಬರುತ್ತಿತ್ತು. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಲಾರಿಯ ನಲ್ಲಿಯಿಂದ ಸೋರುತ್ತಿದ್ದ ನೀರಿಗೆ ಯಾರೋ ಹೆಂಗಸು ಚೊಂಬು ಹಿಡಿದುಕೊಂಡು ಓಡುತ್ತಿದ್ದಳು.

"ನೋಡೋ, ಅಷ್ಟು ನೀರು ಪೋಲಾಗ್ತೈತೆ" ಎಂದರು ಅಕ್ಕ, ನೆಮ್ಮದಿಯಾಗಿ.

ಅವರು ನನ್ನ ಮುಖ ನೋಡಿದರು. ನಾನು ನೋಡುತ್ತಿದ್ದ ಕಡೆ ನೋಡಿದರು. ತಮ್ಮ ಕಾಲನ್ನು, ಅದರ ಮೇಲಿದ್ದ ಕಬ್ಬಿಣವನ್ನು, ಬೇರೆ ಯಾರದೋ ಕಾಲನ್ನು ನೋಡುವಂತೆ ಒಂದು ಗಳಿಗೆ ನೋಡಿದರು. ಆಮೇಲೆ ಕನ್ನಡಿಯಲ್ಲಿ ತಮ್ಮನ ಕಣ್ಣು ಕಂಡು, "ಅಯ್ಯೋ" ಎಂದರು.

ಬಹಳ ತಡವಾಗಿ ಬಂದ ಅಯ್ಯೋ. ಹೂವಿನ ಮೇಲೆ ಕೂತಂತಿದ್ದುದು ಹೊಸ ಸ್ಪ್ರಿಂಗಿನಿಂದಲ್ಲ, ಮೆತ್ತನೆಯ ಶಾಕಿನಿಂದಲ್ಲ ಎಂದು ನನಗೆ ಆಗ ತಿಳಿಯಿತು. ಕಾಲು ಮರಗಟ್ಟಿ ಎಷ್ಟು ದಿನವಾಗಿರಬಹುದು ಎಂದು ಲೆಕ್ಕ ಹಾಕಿದೆ. ಬಲಗಡೆ ಕುಣಿಯುತ್ತದೆ, ಎಡಗಡೆ ಗಟ್ಟಿ ಎಂದು ಅವರು ಕೊಟ್ಟ ತೀರ್ಪುಗಳಲ್ಲಿ ಎಷ್ಟು ನಿಜ, ಎಷ್ಟು ತಮ್ಮನಿಗೆ ನಾಳೆಗೊಂದು ಕೆಲಸವಿರಲಿ ಎಂದು ಹೇಳಿದ್ದು, ನನಗೆ ತಿಳಿಯಲಿಲ್ಲ. ಅಕ್ಕ ನನ್ನನ್ನೇ ನೋಡುತ್ತಿದ್ದರು, ಹೇಳಬೇಡ ಎನ್ನುವ ಹಾಗೆ. ನಾಳೆ ಬೆಳಗ್ಗೆ ಸುಮತಿಯವರಿಗೆ ನಾನೇ ಹೇಳಬೇಕು ಎಂದು ನಿಶ್ಚಯಿಸಿಕೊಂಡೆ.

ಚನ್ನವೀರಪ್ಪನವರು ಇಳಿಯಲಿಲ್ಲ. ತಿರುಗಲೂ ಇಲ್ಲ. ಸ್ಟೇರಿಂಗನ್ನು ಎರಡು ಕೈಯಲ್ಲಿ ಹಿಡಿದು ಕನ್ನಡಿಯಲ್ಲೇ ನೋಡುತ್ತಾ ಕೇಳಿದರು.

"ನೋವಾಯ್ತಾ ಅಕ್ಕಾ?"

"ಹೂಂ ಕಣೋ. ಬಹಳ ನೋವಾಯ್ತು."

"ಸದ್ಯ" ಎಂದರು ಚನ್ನವೀರಪ್ಪನವರು.

ಲಾರಿ ಹೋಗಿ ದಾರಿ ಬಿಟ್ಟಿತ್ತು. ಹಿಂದಿನವರು ಹಾರ್ನ್ ಮಾಡುತ್ತಿದ್ದರು. ಅವರ ಕೈ ಗೇರನ್ನು ಹುಡುಕಿತು, ತಪ್ಪಿತು, ಮತ್ತೆ ಹುಡುಕಿತು. ಮೂರನೆಯ ಸಲಕ್ಕೆ ಗೇರು ಬಿತ್ತು.